ಹಿಟ್ಟಿನ ಡಬ್ಬಿಯಲ್ಲಿ ನನ್ನ ಮತ

ಕೆನಡಾದ ನಮ್ಮ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ಮತದಾನ ಗುಟ್ಟಿನದು. ಕಾನೂನೇ ಹಾಗೆ ಹೇಳುತ್ತದೆ. ಆದರೆ ಆ ಕಾನೂನು ಮಾಡಿದವರು ನಮ್ಮ ಮನೆಯ ಅಡಿಗೆಮನೆಗೆ ಒಮ್ಮೆಯೂ ಬಂದವರಲ್ಲ. ಬಂದಿದ್ದರೆ, "ಹೆಂಡತಿ ಮತ್ತು ಅತ್ತೆಯ ಎದುರು ಈ ನಿಯಮ ಅನ್ವಯಿಸದು" ಎಂದು ಒಂದು ಉಪವಿಧಿಯನ್ನಾದರೂ ಸೇರಿಸಿ ಕಾಫಿ ಕುಡಿದು ಹೋಗುತ್ತಿದ್ದರು.

ನನ್ನ ಹೆಸರು ಮೈರನ್ ಕೋವಾಲ್. ವಿಲೋಬೆಂಡ್ ಎಂಬ ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಪೌರನೀತಿ ಪಾಠ ಮಾಡುತ್ತಿದ್ದೇನೆ. ನಮ್ಮಪ್ಪ ಹಂದಿ ಸಾಕಿದರು, ತಾತ ಹಂದಿ ಸಾಕಿದರು, ಮುತ್ತಾತ ಹಂದಿ ಸಾಕಲೆಂದೇ ಉಕ್ರೇನಿನಿಂದ ಹಡಗು ಹತ್ತಿ ಬಂದರು. ವಂಶದಲ್ಲಿ ಪದವಿ ಪಡೆದವನು ನಾನೇ ಮೊದಲು. ಪದವಿಪತ್ರಕ್ಕೆ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದೇನೆ. (ಅದೇ ಮೊಳೆಗೆ ನನ್ನ ಹೆಂಡತಿ ಲೆನೋರ್ ಕಾರಿನ ಕೀಲಿಯನ್ನೂ ತೂಗುಹಾಕುತ್ತಾಳೆ. ಮೊಳೆ ಗಟ್ಟಿಯಾಗಿದೆಯಂತೆ.)

ಪದವೀಧರನಾದ್ದರಿಂದ ನಾನು ಮತ ಹಾಕುವ ಕ್ರಮವೇ ಬೇರೆ. ಅಭ್ಯರ್ಥಿ ಯಾರು, ಅವನ ಮುಖ ಹೇಗಿದೆ, ಅವನು ಯಾರ ಸೋದರಳಿಯ ಎಂಬುದನ್ನೆಲ್ಲ ನಾನು ನೋಡುವುದಿಲ್ಲ. ಪಕ್ಷಗಳ ಪ್ರಣಾಳಿಕೆಗಳನ್ನು ತರಿಸಿ, ಹಸಿರು ಪೆನ್ನಿನಿಂದ ಗೆರೆ ಎಳೆದು, ವಿಷಯವಾರು ಅಂಕ ಕೊಟ್ಟು, ಕೂಡಿ, ಹೆಚ್ಚು ಬಂದವರಿಗೆ ಮತ ಹಾಕುತ್ತೇನೆ. ಮಕ್ಕಳಿಗೂ ಇದನ್ನೇ ಕಲಿಸಿದ್ದೇನೆ.

ಈ ಸಲದ ಪ್ರಾಂತೀಯ ಚುನಾವಣೆಗೆ ಮೂರು ವಾರವಿತ್ತು. ರಾತ್ರಿಯೂಟಕ್ಕೆ ಆಲೂಗಡ್ಡೆ ಕಡುಬು, ಮೇಲೆ ಹುರಿದ ಈರುಳ್ಳಿ. ಹೊಟ್ಟೆ ತುಂಬಿದ ಮೇಲೆ ನಾನು ಪ್ರಣಾಳಿಕೆಯ ಮಹಿಮೆಯನ್ನು ಕೊಂಡಾಡತೊಡಗಿದೆ.

ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಲೆನೋರ್‌ಗೆ ಊರಿನ ಪ್ರತಿಯೊಬ್ಬರ ವಿಳಾಸವೂ ಗೊತ್ತು, ವಿಳಾಸದೊಳಗಿನ ಸಮಾಚಾರವೂ ಗೊತ್ತು. ಅವಳು ತಟ್ಟೆ ಎತ್ತುತ್ತಾ ಹೇಳಿದಳು: "ಆ ಪುಸ್ತಕ ಯಾರೂ ಓದಲ್ಲ ಮೈರನ್. ಬಾಗಿಲಿಗೆ ಬಂದು ಮಾತಾಡ್ಸಿದೋರಿಗೆ ಜನ ವೋಟು ಹಾಕ್ತಾರೆ. ನೀನೂ ಅಷ್ಟೇ."

"ನಾನಾ? ನನ್ನನ್ನ ಯಾವ ಅಭ್ಯರ್ಥಿಯೂ ಅಲ್ಲಾಡ್ಸೋಕಾಗಲ್ಲ."

"ಪಂದ್ಯ?"

"ಪಂದ್ಯ!" ಎಂದುಬಿಟ್ಟೆ. ಕಡುಬು ತಿಂದ ಗಂಡಸಿಗೆ ಧೈರ್ಯ ಜಾಸ್ತಿ.

ಪಣಕ್ಕಿಟ್ಟದ್ದು ನನ್ನ ಚಳಿಗಾಲದ ಶನಿವಾರಗಳನ್ನು. ಕೆರೆ ಹೆಪ್ಪುಗಟ್ಟಿದ ಮೇಲೆ ಪ್ರತಿ ಶನಿವಾರ ನಾನೂ ನನ್ನ ಗೆಳೆಯ ಗಾರ್ನೆಟ್ಟೂ ಮಂಜುಗಡ್ಡೆಯ ಮೇಲೆ ಮರದ ಗುಡಿಸಲು ನಿಲ್ಲಿಸಿ, ತೂತು ಕೊರೆದು, ಅದರೊಳಗೆ ಗಾಳ ಇಳಿಬಿಟ್ಟು ಸಂಜೆಯವರೆಗೆ ಕೂರುತ್ತೇವೆ. ಮಾತಿಲ್ಲ, ಕತೆಯಿಲ್ಲ, ಕೊಳವೆ ಸೋರುತ್ತಿದೆ ನೋಡು ಎನ್ನುವವರಿಲ್ಲ. ಮೀನು ಸಿಕ್ಕಿದರೆ ಸಂತೋಷ, ಸಿಗದಿದ್ದರೆ ಇನ್ನೂ ಸಂತೋಷ. ಇನ್ನೊಂದು ಕಡೆ, ಅದೇ ಶನಿವಾರ ನನ್ನ ಅತ್ತೆಯವರಿಗೆ ಸಮುದಾಯ ಭವನದಲ್ಲಿ ಬಿಂಗೊ, ಅಂದರೆ ಕೂಗಿದ ಅಂಕಿಯನ್ನು ಚೀಟಿಯಲ್ಲಿ ಹುಡುಕಿ ಗುರುತು ಹಾಕುವ ಆಟ. ಎಂಬತ್ತಮೂರು ವರ್ಷ, ಒಟ್ಟಿಗೆ ಹದಿನಾರು ಚೀಟಿ ಆಡುತ್ತಾರೆ. ಇದುವರೆಗೆ ಲೆನೋರ್ ಕರೆದುಕೊಂಡು ಹೋಗುತ್ತಿದ್ದಳು. ಯಾವನಾದರೂ ಅಭ್ಯರ್ಥಿ ನನ್ನ ಮತ ಬದಲಿಸಿದರೆ, ಮಂಜು ಕರಗುವವರೆಗೆ ಅತ್ತೆಯ ಪಕ್ಕದಲ್ಲಿ ಕೂತು ಅಂಕಿಗೆ ಬಣ್ಣದ ಚುಕ್ಕೆ ಇಡುವವನು ನಾನು. ಬದಲಿಸದಿದ್ದರೆ ಲೆನೋರ್ ಮೀನಿನ ವಾಸನೆಯ ಬಗ್ಗೆ ಜೀವನಪರ್ಯಂತ ತುಟಿ ಪಿಟಕ್ಕೆನ್ನಬಾರದು.

ಅತ್ತೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಬಾಬಾ ಎನ್ನುತ್ತೇವೆ. ನಮ್ಮ ಜನರಲ್ಲಿ ಅಜ್ಜಿಗೆ ಹಾಗೇ ಹೇಳುವುದು. (ಗಡ್ಡವಿಲ್ಲ. ಪವಾಡಗಳುಂಟು.) ಅವರು ನನ್ನನ್ನು "ಮೇಷ್ಟ್ರೇ" ಎಂದು ಬಹುವಚನದಲ್ಲಿ ಕರೆದರೆ ಅದು ಗೌರವವಲ್ಲ, ಎಚ್ಚರಿಕೆ.

"ಮೇಷ್ಟ್ರೇ, ಈಗ ಯಾರಿಗೆ ಹಾಕ್ಬೇಕು ಅಂತಿದೀರೋ ಅದನ್ನ ಬರೆದು ಲಕೋಟೆಗೆ ಹಾಕಿ. ವೋಟಿನ ದಿವಸ ಬಿಚ್ಚೋಣ."

"ನಾನು ಸುಳ್ಳು ಹೇಳ್ತೀನಾ ಬಾಬಾ?"

"ಹೇಳಕ್ಕೆ ಬರಲ್ಲ. ನಿಮ್ಮ ಕಿವಿ ಕೆಂಪಗಾಗತ್ತೆ."

ಇದು ನಿಜ. ನನ್ನ ದೇಹದಲ್ಲಿ ಪ್ರಾಮಾಣಿಕತೆ ಮನೆ ಮಾಡಿರುವುದು ಹೃದಯದಲ್ಲಲ್ಲ, ಕಿವಿಗಳಲ್ಲಿ. ನಾನು ಒಂದು ಚೀಟಿಯ ಮೇಲೆ "ನೇರಳೆ ಪಕ್ಷ, ನೂರಕ್ಕೆ ಎಪ್ಪತ್ತೊಂದು" ಎಂದು ಬರೆದು, ತಾರೀಕು ಹಾಕಿ, ರುಜು ಮಾಡಿ, ಲಕೋಟೆಗೆ ಗೋಂದು ಹಚ್ಚಿದೆ. ಬಾಬಾ ಅದನ್ನು ಗೋಧಿಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟರು.

ನೇರಳೆ ಪಕ್ಷದ ಅಭ್ಯರ್ಥಿ ಡೆಲ್ಬರ್ಟ್ ಫ್ರೀಸನ್, ಟ್ರ್ಯಾಕ್ಟರ್ ಮಾರುವವನು. ಶನಿವಾರ ಬೆಳಿಗ್ಗೆ ಇಬ್ಬರು ಕಾರ್ಯಕರ್ತರ ಜೊತೆ ಬಂದ. ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಬೂಟು ಬಾಗಿಲಲ್ಲೇ ಬಿಡಬೇಕು. ಡೆಲ್ಬರ್ಟ್ ಕೆಸರು ಬೂಟಿನಲ್ಲೇ ಹಜಾರದ ನಡುವೆ ಬಂದು ನಿಂತು ಕೈ ಚಾಚಿದ.

"ಹೇಗಿದೀರಾ ಮಾರ್ವಿನ್!"

"ಮೈರನ್."

"ಅದೇ, ಅದೇ. ನಿಮ್ಮಂಥ ರೈತರ ಬೆಂಬಲ ನಮಗೆ ಬೇಕು."

"ನಾನು ಮೇಷ್ಟ್ರು."

"ಅವರದ್ದೂ ಬೇಕು." ಅವನು ಕೈಯಲ್ಲಿದ್ದ ಪಟ್ಟಿ ನೋಡಿದ. "ನಿಮ್ಮ ಅಂಗಳದಲ್ಲಿ ನಮ್ಮದೊಂದು ಫಲಕ ನೆಡ್ಲಾ?"

ಇಲ್ಲಿ ನಮ್ಮೂರಿನ ಒಂದು ದೌರ್ಬಲ್ಯವನ್ನು ಹೇಳಬೇಕು. ಬಾಗಿಲಿಗೆ ಬಂದವರ ಮುಖದ ಮೇಲೆ "ಬೇಡ" ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಹೊರಗೆ ಮೈನಸ್ ಮೂವತ್ತು ಡಿಗ್ರಿ ಇರುವ ಸೀಮೆಯಲ್ಲಿ ಬಾಗಿಲಲ್ಲಿ ನಿಂತವನಿಗೆ ಬೇಡ ಎಂದರೆ ಕೊಲೆ ಮಾಡಿದಂತೆ ಎಂದು ನಮ್ಮ ಹಿರಿಯರ ಭಾವನೆ. ಆದ್ದರಿಂದ ನಾವು "ನೋಡೋಣ" ಎನ್ನುತ್ತೇವೆ. ಊರಿನವರಿಗೆ ಅದರ ಅರ್ಥ ಬೇಡ ಎಂದೇ. ಆದರೆ ಅಭ್ಯರ್ಥಿಗಳ ಪಟ್ಟಿಯಲ್ಲಿ ಬೆಂಬಲಿಗ, ವಿರೋಧಿ ಮತ್ತು ಮನಸ್ಸು ಮಾಡದವನು ಎಂಬ ಮೂರೇ ಕಾಲಂಗಳಿವೆ. "ನೋಡೋಣ" ಎಂದವನು ಮೂರನೆಯದರಲ್ಲಿ ಬೀಳುತ್ತಾನೆ. ಆಮೇಲೆ ಅವನಿಗೆ ಮೋಕ್ಷವಿಲ್ಲ. ಮತ್ತೆ ಮತ್ತೆ ಬರುತ್ತಾರೆ.

"ನೋಡೋಣ," ಎಂದೆ.

ಹತ್ತು ನಿಮಿಷಕ್ಕೆ ಹೊರಗೆ ಟಪ್ ಟಪ್ ಸದ್ದು. ಅದರ ಬೆನ್ನಿಗೇ ಬಾಬಾರ ಕೂಗು. ಅವರು ಹಿಂದಿನ ವಾರವಷ್ಟೇ ಮುಂದಿನ ಬೇಸಿಗೆಯ ಬೆಳೆಗೆಂದು ಆರು ಸಾಲು ಬೆಳ್ಳುಳ್ಳಿ ನೆಟ್ಟಿದ್ದರು. ಸರಿಯಾಗಿ ಅದರ ನಡುಮಧ್ಯದಲ್ಲಿ ಡೆಲ್ಬರ್ಟ್‌ನ ನಗುಮುಖ ಎದ್ದು ನಿಂತಿತ್ತು. ಸುತ್ತ ಮೂರು ಜೊತೆ ಬೂಟಿನ ಗುರುತು.

"ನನ್ನ ಬೆಳ್ಳುಳ್ಳಿ ಎದೆ ಮೇಲೆ ಗೂಟ ಹೊಡ್ದಿದಾನೆ! ಇವನಿಗಾ ಮೇಷ್ಟ್ರೇ ನಿಮ್ಮ ವೋಟು?"

"ಮತದಾನ ಗುಟ್ಟು ಬಾಬಾ."

"ಗುಟ್ಟು ನಿಮ್ಮ ಕಿವೀಲಿ ಕೂತಿದೆ."

"ನೀರಾವರಿ ಬಗ್ಗೆ ಅವರ ಪ್ರಣಾಳಿಕೆಯ ಇಪ್ಪತ್ತೆರಡನೇ ಪುಟದಲ್ಲಿ..."

"ಅದರಲ್ಲಿ ಬೆಳ್ಳುಳ್ಳಿ ತುಳೀರಿ ಅಂತ ಬರ್ದಿದೆಯಾ?" ಎಂದು ಬಾಬಾ ಒಳಗೆ ಹೋಗಿ ಡೆಲ್ಬರ್ಟ್‌ನ ಕಚೇರಿಗೆ ಫೋನು ಮಾಡಿದರು. ಆ ದಿನ ನಾಲ್ಕು ಸಲ ಮಾಡಿದರೆಂದು ಆಮೇಲೆ ತಿಳಿಯಿತು.

ನಾನು ಅಲ್ಲಾಡಲಿಲ್ಲ. ಅಭ್ಯರ್ಥಿಯ ಬೂಟಿಗೂ ಪಕ್ಷದ ನೀತಿಗೂ ಸಂಬಂಧವಿಲ್ಲ ಎಂದು ಹಜಾರ ಒರೆಸುತ್ತಾ ನನಗೆ ನಾನೇ ಹೇಳಿಕೊಂಡೆ.

ಮಂಗಳವಾರ ಶಾಲೆಯಿಂದ ಬಂದು ಕೂತಿದ್ದೆ. ಬಾಗಿಲು ತಟ್ಟಿದ ಸದ್ದು. ಹಳದಿ ಪಕ್ಷದ ಅಭ್ಯರ್ಥಿ ಟ್ಯಾನಿಸ್ ಲವಲೇ, ಮನೆಮನೆಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವ ನರ್ಸು, ಒಬ್ಬಳೇ ಬಂದಿದ್ದಳು. ಬೂಟು ಬಿಚ್ಚಿ ಬಾಗಿಲ ಪಕ್ಕ ಜೋಡಿಸಿಟ್ಟಳು. ಉಣ್ಣೆಯ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.

"ಸರ್, ನೆನಪಿದೆಯಾ? ಹನ್ನೆರಡನೇ ಕ್ಲಾಸು, ಕೊನೇ ಸಾಲು, ಕಿಟಕಿ ಪಕ್ಕ."

ನೆನಪಿಲ್ಲದೆ ಏನು? ಹದಿನೆಂಟು ವರ್ಷದ ಹಿಂದೆ ಪೌರನೀತಿಯಲ್ಲಿ ಪಾಸಾಗಲು ಐವತ್ತು ಬೇಕಿದ್ದಲ್ಲಿ ನಾನು ಅವಳಿಗೆ ನಲವತ್ತೆಂಟು ಅಂಕ ಕೊಟ್ಟು ಫೇಲು ಮಾಡಿದ್ದೆ. ನನ್ನ ಕೈಯಲ್ಲಿ ಫೇಲಾದವಳು ಶಾಸನಸಭೆಗೆ ನಿಂತಿದ್ದಾಳೆ!

ಪರೀಕ್ಷಿಸಿಯೇ ಬಿಡೋಣ ಎಂದು ಕನ್ನಡಕ ಸರಿಮಾಡಿಕೊಂಡು ಕೇಳಿದೆ: "ನಿಮ್ಮ ಪ್ರಣಾಳಿಕೆಯ ನಲವತ್ತೊಂದನೇ ಪುಟದಲ್ಲಿ ಹಳ್ಳಿ ರಸ್ತೆಗಳ ಅನುದಾನ ಹಂಚೋ ಸೂತ್ರ ಇದೆಯಲ್ಲ, ನಮ್ಮೂರಿಗೆ ಅದರಿಂದ ಲಾಭವೋ ನಷ್ಟವೋ?"

ಅವಳು ಒಂದು ಕ್ಷಣ ಯೋಚಿಸಿದಳು.

"ಗೊತ್ತಿಲ್ಲ ಸರ್."

ಅಭ್ಯರ್ಥಿಯ ಬಾಯಿಂದ "ಗೊತ್ತಿಲ್ಲ" ಎಂಬ ಪದ ಬಂದದ್ದನ್ನು ನಾನಂತೂ ಜೀವಮಾನದಲ್ಲಿ ಕೇಳಿರಲಿಲ್ಲ.

"ತಿಳ್ಕೊಂಡು ಬಂದು ಹೇಳ್ತೀನಿ," ಎಂದಳು. ಆಮೇಲೆ ಬಾಬಾರ ರಕ್ತದೊತ್ತಡ ನೋಡಿದಳು, ಲೆನೋರ್ ಕೊಟ್ಟ ಕಡುಬು ತಿಂದಳು, ತಟ್ಟೆ ತಾನೇ ತೊಳೆದಿಟ್ಟಳು. ಹೊರಡುವಾಗ ಫಲಕದ ಮಾತು ತೆಗೆದಳು. ನಾನು "ನೋಡೋಣ" ಎಂದೆ. ಸಂಜೆಯ ಹೊತ್ತಿಗೆ ಅಂಗಳದ ಬರ್ಚ್ ಮರದ ಕೆಳಗೆ ಹಳದಿ ಫಲಕವೂ ಎದ್ದಿತು.

"ಏನು ಒಳ್ಳೇ ಹುಡುಗಿ! ನನ್ನ ವೋಟಂತೂ ಇವಳಿಗೇ," ಎಂದಳು ಲೆನೋರ್.

ಮರುದಿನ ತರಗತಿಯಲ್ಲಿ ಒಬ್ಬಳು ಎದ್ದು ನಿಂತು, "ಸರ್, ನಿಮ್ಮನೇಲಿ ಸಮ್ಮಿಶ್ರ ಸರ್ಕಾರ ಬಂದಿದೆಯಾ?" ಎಂದು ಕೇಳಿದಳು. ಪ್ರಿನ್ಸಿಪಾಲರು ಸಿಬ್ಬಂದಿ ಸಭೆಯ ನಂತರ ನನ್ನನ್ನು ಪಕ್ಕಕ್ಕೆ ಕರೆದು, "ನಿಷ್ಪಕ್ಷಪಾತ ಅಂದ್ರೆ ಯಾವುದೂ ಬೇಡ ಅಂತ ಮೈರನ್, ಎರಡೂ ಇರ್ಲಿ ಅಂತಲ್ಲ," ಎಂದರು. ಆ ಸಂಜೆ ಮನೆಗೆ ಬಂದಾಗ ಡೆಲ್ಬರ್ಟ್‌ನ ಫಲಕ ಅಂಚೆಪೆಟ್ಟಿಗೆಯ ಪಕ್ಕಕ್ಕೆ ಹೋಗಿತ್ತು. ಬೆಳ್ಳುಳ್ಳಿ ಪಾತಿ ಹದವಾಗಿ, ಮೇಲೆ ಹುಲ್ಲು ಹೊದ್ದುಕೊಂಡು ಮಲಗಿತ್ತು. ಮಂಡಿನೋವೆಂದು ದಿನವಿಡೀ ನರಳುವ ಬಾಬಾ ಇಷ್ಟೆಲ್ಲ ಹೇಗೆ ಮಾಡಿದರು ಎಂದು ಆಶ್ಚರ್ಯಪಟ್ಟೆ. ಕೇಳಲಿಲ್ಲ. (ಕೇಳಬೇಕಿತ್ತು.)

ನಿಜ ಹೇಳಬೇಕೆಂದರೆ ನನಗೆ ಬೇರೆಯೇ ಚಿಂತೆ ಹತ್ತಿತ್ತು. ಆ "ಗೊತ್ತಿಲ್ಲ" ನನ್ನ ತಲೆಯಿಂದ ಹೋಗುತ್ತಿರಲಿಲ್ಲ. ಅವಳು ಮತ್ತೆ ಬಂದರೆ ನನ್ನ ಗತಿಯೇನು? ಕಣ್ಣ ಮುಂದೆ ಮಂಜುಗಡ್ಡೆಯ ತೂತು, ಗಾರ್ನೆಟ್‌ನ ಸುಖವಾದ ಮೌನ, ನನ್ನ ಮೂರು ಕಾಲಿನ ಸ್ಟೂಲು ಎಲ್ಲ ಹಾದುಹೋದವು. ಒಂದು ದಿವ್ಯೋಪಾಯ ಹೊಳೆಯಿತು: ಅವಳನ್ನು ನೋಡದಿದ್ದರೆ ಪ್ರಭಾವವೇ ಆಗುವುದಿಲ್ಲವಲ್ಲ!

ಶನಿವಾರ ಮಧ್ಯಾಹ್ನ ಕಿಟಕಿಯಿಂದ ಅವಳ ಕಾರು ಕಂಡದ್ದೇ ತಡ, ಪ್ರಣಾಳಿಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೆಲಮಾಳಿಗೆಗೆ ಧುಮುಕಿದೆ. ಆಲೂಗಡ್ಡೆ ಮೂಟೆಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂತೆ. ಮೇಲೆ ಮಾತು, ನಗು, ತಟ್ಟೆಯ ಸದ್ದು. ಇಪ್ಪತ್ತು ನಿಮಿಷವಾಯಿತು. ಕಾಲು ಜೋಮು ಹಿಡಿಯಿತು. ಆಗ ಬಾಬಾರ ದನಿ, ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ:

"ಟ್ಯಾನಿಸಮ್ಮ, ನನ್ನ ಮಂಡಿ ಕೈಕೊಟ್ಟಿದೆ. ಕೆಳಗಿಂದ ನಾಲ್ಕು ಆಲೂಗಡ್ಡೆ ತಂದ್ಕೊಡ್ತೀಯಾ?"

ಮೆಟ್ಟಿಲ ಮೇಲೆ ಹೆಜ್ಜೆ. ದೀಪ ಹತ್ತಿತು. ತೂತು ಕಾಲುಚೀಲ ನನ್ನ ಮುಂದೆ ಬಂದು ನಿಂತಿತು.

"ಸರ್? ಇಲ್ಲೇನು ಮಾಡ್ತಿದೀರಾ?"

"ಆಲೂಗಡ್ಡೆ... ಎಣಿಸ್ತಿದೀನಿ."

"ಎಷ್ಟಿದೆ?"

"ಅರವತ್ತನಾಲ್ಕು," ಎಂದೆ. ಅದು ಪ್ರಣಾಳಿಕೆಯ ಪುಟಗಳ ಸಂಖ್ಯೆ. ಕಿವಿ ನಿಗಿನಿಗಿ ಉರಿಯತೊಡಗಿತು.

ಅವಳು ನಗಲಿಲ್ಲ. ಇನ್ನೊಂದು ಮೂಟೆಯ ಮೇಲೆ ಕೂತು ಕೋಟಿನ ಜೇಬಿನಿಂದ ಮಡಿಸಿದ ಹಾಳೆಗಳನ್ನು ತೆಗೆದಳು. ಮೂರು ಹಾಳೆ. ಕೈಬರಹ. ರಸ್ತೆ ಅನುದಾನದ ಸೂತ್ರ, ನಮ್ಮೂರಿನ ಲೆಕ್ಕ, ಪಕ್ಕದೂರಿನ ಲೆಕ್ಕ. ಕೊನೆಯಲ್ಲಿ ಬರೆದಿದ್ದಳು: "ನಮ್ಮ ಪಕ್ಷದ ಸೂತ್ರದಿಂದ ವಿಲೋಬೆಂಡ್‌ಗೆ ಸ್ವಲ್ಪ ನಷ್ಟ. ಗೆದ್ದರೆ ಬದಲಾಯಿಸಲು ಜಗಳವಾಡುತ್ತೇನೆ. ಎರಡನೇ ಹಂತ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ನಿಮಗೆ ಅರ್ಥವಾದರೆ ಹೇಳಿಕೊಡಿ."

ಓದುಗರೇ, ಗಂಡಸಿನ ಹೃದಯಕ್ಕೆ ದಾರಿ ಹೊಟ್ಟೆಯ ಮೂಲಕ ಎನ್ನುತ್ತಾರೆ. ಮೇಷ್ಟರ ಹೃದಯಕ್ಕೆ ದಾರಿ ಹೋಮ್‌ವರ್ಕಿನ ಮೂಲಕ. ಇಪ್ಪತ್ತಾರು ವರ್ಷದಲ್ಲಿ ನಾನು ಕೇಳಿದ ಪ್ರಶ್ನೆಗೆ ಯಾರೂ ಒತ್ತಾಯಿಸದೆಯೇ ಮನೆಯಲ್ಲಿ ಕೂತು ಉತ್ತರ ಬರೆದು ತಂದವರು ಇವಳೊಬ್ಬಳೇ!

"ಆವತ್ತು ಪರೀಕ್ಷೇಲಿ ಹತ್ತು ಅಂಕದ ನಾಲ್ಕನೇ ಪ್ರಶ್ನೆ ಜ್ಞಾಪಕ ಇದೆಯಾ ಸರ್?" ಎಂದಳು. "ಮತದಾರ ಯಾವ ಆಧಾರದ ಮೇಲೆ ಮತ ಹಾಕಬೇಕು ಅಂತ ಕೇಳಿದ್ರಿ. ಬಾಗಿಲು ತಟ್ಟಿ, ನಾವು ಹೇಳೋದು ಮುಗಿಯೋವರೆಗೂ ನಿಂತಿರೋರಿಗೆ ಅಂತ ಬರೆದೆ. ನೀವು ಸೊನ್ನೆ ಕೊಟ್ರಿ. 'ಪ್ರಣಾಳಿಕೆ ಎಲ್ಲಿ?' ಅಂತ ಕೆಂಪು ಇಂಕಲ್ಲಿ ಬರೆದಿದ್ರಿ."

"ಕೋಪ ಇದೆಯಾ?"

"ಇತ್ತು. ರಜದಲ್ಲಿ ಮತ್ತೆ ಕೂತು ಪಾಸು ಮಾಡಿದೆ. ಅದಕ್ಕೇ ನೋಡಿ, ಈಗ ಪ್ರಣಾಳಿಕೆನೂ ಓದ್ತೀನಿ, ಬಾಗಿಲೂ ತಟ್ತೀನಿ." ನಾಲ್ಕು ಆಲೂಗಡ್ಡೆ ಆರಿಸಿಕೊಂಡು ಎದ್ದಳು. "ಈಗ ಅರವತ್ತು ಉಳೀತು ಸರ್, ಬರ್ಕೊಳ್ಳಿ."

ಮತದಾನದ ಸೋಮವಾರ ಮೊದಲ ಹಿಮ ಬಿತ್ತು. ಮತಗಟ್ಟೆ ಸಮುದಾಯ ಭವನದಲ್ಲಿತ್ತು. ನಾನು ರಟ್ಟಿನ ಮರೆಯ ಹಿಂದೆ ಪೆನ್ಸಿಲು ಹಿಡಿದು ನಿಂತೆ. ಮೇಲೊಂದು ಹೆಸರು ಫ್ರೀಸನ್: ಎಪ್ಪತ್ತೊಂದು ಅಂಕ, ನೀರಾವರಿ, ಮೀನು, ಮೌನ, ಸ್ಟೂಲು. ಕೆಳಗೊಂದು ಹೆಸರು ಲವಲೇ: ಮೂರು ಹಾಳೆ, ಒಂದು "ಗೊತ್ತಿಲ್ಲ", ಮತ್ತು ಇಡೀ ಚಳಿಗಾಲದ ಬಿಂಗೊ. ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ, ಮೇಜಿನ ಹಿಂದೆ ಕೂತಿದ್ದ ಅಧಿಕಾರಿಣಿ ಕೂಗಿದರು: "ಮೇಷ್ಟ್ರೇ, ಪ್ರಬಂಧ ಬರೀತಿದೀರಾ? ಒಂದು ಗುರುತು ಹಾಕಿದ್ರೆ ಸಾಕು, ಹಿಂದೆ ಸಾಲಿದೆ!"

ಗುರುತು ಹಾಕಿದೆ.

ಮನೆಗೆ ಬಂದಾಗ ಲೆನೋರ್, ಬಾಬಾ ಇಬ್ಬರೂ ಆಗಲೇ ಮತ ಹಾಕಿ ಬಂದು ಅಡಿಗೆಮನೆಯ ಮೇಜಿನ ಎದುರು ನ್ಯಾಯಾಧೀಶರಂತೆ ಕೂತಿದ್ದರು. ಮಧ್ಯೆ ಹಿಟ್ಟಿನ ಡಬ್ಬಿ. ಲೆನೋರ್ ಲಕೋಟೆ ಕೊಡವಿ ಬಿಚ್ಚಿ ಓದಿದಳು.

"ನೇರಳೆ. ಸರಿ. ಯಾರಿಗೆ ಹಾಕ್ದೆ?"

ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧಮಾಡಿಕೊಂಡು ಬಂದಿದ್ದೆ. ಎದ್ದು ನಿಂತೆ. "ನಾನು ಸೋತೆ. ಆದರೆ ಹೆಮ್ಮೆಯಿಂದ ಸೋತೆ. ನಿಮ್ಮಿಬ್ಬರ ಹಾಗೇ ನಾನೂ ಟ್ಯಾನಿಸ್‌ಗೇ ಹಾಕಿದೆ. ಈ ಮನೆಯ ಮೂರೂ ಮತಗಳು ಇವತ್ತು ಒಂದಾಗಿ..."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ನಾನು ಡೆಲ್ಬರ್ಟ್‌ಗೆ ಹಾಕ್ದೆ," ಎಂದಳು ಲೆನೋರ್.

"ನಾನೂ," ಎಂದರು ಬಾಬಾ.

ನಾನು ಕೂತೆ. "ಅವನು ಬೆಳ್ಳುಳ್ಳಿ ತುಳಿದನಲ್ಲ!"

"ತುಳಿದ. ಬುಧವಾರ ನೀನು ಸಿಬ್ಬಂದಿ ಸಭೇಲಿದ್ದಾಗ ಒಬ್ನೇ ಬಂದ. ಬಾಗಿಲಲ್ಲೇ ಬೂಟು ಬಿಟ್ಟ. ಅಮ್ಮನ ಹತ್ರ ತಪ್ಪಾಯ್ತು ಅಂದ. ಆಮೇಲೆ ಆ ಚಳೀಲಿ ಮಂಡಿಯೂರಿ ಕೂತು ಆರು ಸಾಲೂ ಮತ್ತೆ ನೆಟ್ಟ."

"ಒಂದೊಂದು ಎಸಳೂ ನೆಟ್ಟಗೆ," ಎಂದರು ಬಾಬಾ. "ಅವರಮ್ಮ ಕಲಿಸಿದ್ರಂತೆ. ಹುಲ್ಲೂ ತಂದು ಹೊದಿಸಿದ. ಹನ್ನೊಂದು ಕಡುಬು ತಿಂದ."

"ಆದ್ರೆ ಲೆನೋರ್, ನಿನ್ನ ವೋಟು ಟ್ಯಾನಿಸ್‌ಗೇ ಅಂದಿದ್ದೆ!"

"ಅಂದಿದ್ದೆ. ಮನಸ್ಸು ಬದಲಾಯ್ತು. ನನ್ನನ್ನ ಯಾರೂ ಅಲ್ಲಾಡ್ಸೋಕಾಗಲ್ಲ ಅಂತ ನಾನೇನು ಪಂದ್ಯ ಕಟ್ಟಿದ್ನಾ?" ಅವಳು ಚೀಟಿಯನ್ನು ನೀಟಾಗಿ ಮಡಿಸಿದಳು. "ತಪ್ಪು ಮಾಡಿ ತಾನಾಗೇ ಬಂದು ಮಂಡಿಯೂರಿದ ಗಂಡಸನ್ನ ನಾನು ಇದೇ ಮೊದಲ ಸಲ ನೋಡಿದ್ದು ಮೈರನ್. ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು."

ಟ್ಯಾನಿಸ್ ಮೂವತ್ತೊಂದು ಮತಗಳಿಂದ ಗೆದ್ದಳು. ಮರುದಿನ ಫಲಕ ಕೀಳಲು ತಾನೇ ಬಂದಳು. ಅವಳ ಮೂರು ಹಾಳೆಗಳನ್ನು ತಿದ್ದಿ, ಹತ್ತಕ್ಕೆ ಒಂಬತ್ತು ಕೊಟ್ಟು ಹಿಂದಿರುಗಿಸಿದೆ. ಎರಡನೇ ಹಂತದ ವಿವರಣೆಯನ್ನೂ ಅಂಚಿನಲ್ಲಿ ಬರೆದಿದ್ದೆ.

"ಒಂದು ಅಂಕ ಯಾಕೆ ಹೋಯ್ತು ಸರ್?"

"ಹಾಳೆಗೆ ಆಲೂಗಡ್ಡೆ ಮಣ್ಣು ಮೆತ್ತಿದೆ," ಎಂದೆ. ಅವಳು ಬರ್ಚ್ ಮರ ಅಲುಗಾಡುವಂತೆ ನಕ್ಕಳು. ಅವಳು ಹೋದ ಮೇಲೆ ಹಳೆಯ ಅಂಕಪಟ್ಟಿ ಹುಡುಕಿ ನಲವತ್ತೆಂಟನ್ನು ಹೊಡೆದು ಐವತ್ತೆಂಟು ಮಾಡಿದೆ. ಯಾರೂ ನೋಡುವುದಿಲ್ಲ, ಆದರೂ.

ಈಗ ಜನವರಿ. ಶನಿವಾರ ಮಧ್ಯಾಹ್ನ. ಬಾಬಾರ ಹದಿನಾರು ಚೀಟಿಗಳಲ್ಲಿ ಎಂಟು ನನ್ನ ಪಾಲಿಗೆ. ಕಳೆದ ವಾರ ಒಂದು ಅಂಕಿ ತಪ್ಪಿಸಿದ್ದಕ್ಕೆ ನಾಲ್ಕು ಮೇಜುಗಳಾಚೆಯವರೂ ತಿರುಗಿ ನೋಡುವಂತೆ "ಮೇಷ್ಟ್ರೇ!" ಎಂದರು. ಬಿಡುವಿನಲ್ಲಿ ಗಾರ್ನೆಟ್‌ಗೆ ಫೋನು ಮಾಡಿದೆ. ಅವನಿಗೆ ನಾನಿಲ್ಲದೆ ಬೇಸರವಾಗಿರಬಹುದು ಎಂದು ನನ್ನ ಎಣಿಕೆ.

"ಬೇಸರವಾ? ಛೇ ಛೇ," ಎಂದ ಅವನು. ಹಿಂದೆ ಯಾರೋ ಗಟ್ಟಿಯಾಗಿ ನಗುತ್ತಿದ್ದರು. "ನಿನ್ನ ಜಾಗ ಖಾಲಿ ಇತ್ತಲ್ಲ, ಡೆಲ್ಬರ್ಟ್‌ನ ಕರ್ಕೊಂಡು ಬಂದೆ. ಪಾಪ, ಸೋತು ಮನೇಲಿ ಸುಮ್ನೆ ಕೂತಿದ್ದ. ಏನು ಮೀನು ಹಿಡೀತಾನೆ ಮಾರಾಯ! ಮಾತೂ ಚೆನ್ನಾಗಾಡ್ತಾನೆ. ನಿನ್ನ ಸ್ಟೂಲು ಅವನಿಗೆ ಅಳತೆ ಕೊಟ್ಟು ಮಾಡ್ಸಿದ ಹಾಗಿದೆ."

ಬಾಬಾಗೆ ಹೇಳಿದೆ. ಅವರು ಚೀಟಿಗೆ ಚುಕ್ಕೆ ಇಡುತ್ತಾ ಹೇಳಿದರು: "ನೀವು ಅವನಿಗೇ ವೋಟು ಹಾಕಿದ್ರೆ ಪಂದ್ಯನೂ ಗೆಲ್ತಿದ್ರಿ. ಇನ್ನೊಂದಿಷ್ಟು ಜನಕ್ಕೆ ನಿಮ್ಮ ಪ್ರಣಾಳಿಕೆ ಓದಿ ಹೇಳಿದ್ರೆ ಅವನೂ ಗೆದ್ದು ರಾಜಧಾನೀಲಿ ಇರ್ತಿದ್ದ. ನಿಮ್ಮ ಸ್ಟೂಲಾದ್ರೂ ಉಳೀತಿತ್ತು."

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಒಂದು ಪೊಟ್ಟಣ. ಒಳಗೆ ಮೊಳದುದ್ದದ ಎರಡು ಮೀನು, ಶುಚಿಮಾಡಿ ಕಾಗದದಲ್ಲಿ ಸುತ್ತಿದ್ದು, ಮೇಲೊಂದು ಚೀಟಿ: "ಪ್ರೀತಿಯ ಮಾರ್ವಿನ್, ಸ್ಟೂಲು ಕೊಟ್ಟಿದ್ದಕ್ಕೆ ವಂದನೆಗಳು. ಇಂತಿ, ಡೆಲ್ಬರ್ಟ್." ಲೆನೋರ್ ಬೆಣ್ಣೆಯಲ್ಲಿ, ನೆಟ್ಟು ಉಳಿದಿದ್ದ ಬೆಳ್ಳುಳ್ಳಿ ಹಾಕಿ ಹುರಿದಳು. ಇಷ್ಟು ರುಚಿಯಾದ ಮೀನನ್ನು ನಾನು ಹಿಡಿದದ್ದು ಹಾಗಿರಲಿ, ತಿಂದದ್ದೂ ಇಲ್ಲ.

"ಮುಂದಿನ ಸಲನೂ ನಿಲ್ತಾನಂತೆ," ಎಂದಳು ಲೆನೋರ್.

"ನಿಲ್ಲಲಿ. ಒಂದು ಮೀನಿಗೆಲ್ಲ ಬಗ್ಗೋನಲ್ಲ ನಾನು," ಎಂದು ಎರಡನೆಯ ತುಂಡಿಗೆ ಕೈ ಹಾಕಿದೆ.

ಬಾಬಾ ತಟ್ಟೆಯಿಂದ ತಲೆಯೆತ್ತಲೂ ಇಲ್ಲ.

"ಲೆನೋರ್, ಅವನ ಕಿವಿ ನೋಡೇ."